ಬೈ ಬಟನ್ ಒತ್ತುವ ಮುನ್ನ ಬೆಲೆ ಬರೆಯಿರಿ

‘ಪರದೆಯಲ್ಲಿ 100.40 ಅಂತಿತ್ತು, ನನ್ನ ತಲೆಗೆ ಮಾತ್ರ 103.91 ಕಟ್ಟಿದ್ದಾರೆ.’ ಷೇರುಪೇಟೆಗೆ ಹೊಸದಾಗಿ ಇಳಿದವರ ಈ ದೂರು ಕೇಳಿ ಕೇಳಿ ಸಾಕಾಗಿದೆ. ಯಾರೂ ಮೋಸ ಮಾಡಿಲ್ಲ ಸ್ವಾಮಿ, ಆರ್ಡರ್ ಹಾಕಿದ ರೀತಿಯೇ ಸರಿಯಿಲ್ಲ.

ಮೊದಲ ಹಂತ: ಬ್ರೋಕರ್ ಬಳಿ ಖಾತೆ ತೆರೆದು ಹಣ ಹಾಕಿ. ಆ್ಯಪ್ ಯಾವುದಾದರೂ ಆದೀತು, ಆದರೆ ಮಾರ್ಕೆಟ್ ಡೆಪ್ತ್ (ಯಾವ ಬೆಲೆಗೆ ಎಷ್ಟು ಷೇರು ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂಬ ಪಟ್ಟಿ) ತೋರಿಸದ ಆ್ಯಪ್ ಬೇಡವೇ ಬೇಡ. ಬಣ್ಣಬಣ್ಣದ ಚಾರ್ಟ್ ಮುಂದಿಟ್ಟು, ಡೆಪ್ತನ್ನು ಎಲ್ಲೋ ಮೂಲೆಯಲ್ಲಿ ಬಚ್ಚಿಡುವ ಆ್ಯಪ್‌ಗಳೇ ಹೆಚ್ಚು.

ಎರಡನೇ ಹಂತ: ಆ ಡೆಪ್ತ್ ಓದಿ. ಒಂದು ಕಡೆ ಕೊಳ್ಳುವವರ ಬೆಲೆಗಳು, ಇನ್ನೊಂದು ಕಡೆ ಮಾರುವವರವು. ದೊಡ್ಡ ಅಕ್ಷರದಲ್ಲಿ ಮಿನುಗುವ ಬೆಲೆ ಈಗಾಗಲೇ ಮುಗಿದುಹೋದ ವಹಿವಾಟಿನದು. ಅದೇ ಬೆಲೆಗೆ ನಿಮಗೂ ಕೊಡುತ್ತೇವೆಂದು ಯಾರೂ ಮಾತು ಕೊಟ್ಟಿಲ್ಲ.

ಮೂರನೇ ಹಂತದಲ್ಲೇ ಜನ ಎಡವುವುದು. ಮಾರುವವರ ಸಾಲು ಹೀಗಿದೆ ಎಂದುಕೊಳ್ಳಿ: 100.50ಕ್ಕೆ 20 ಷೇರು, 100.90ಕ್ಕೆ 30, 103ಕ್ಕೆ 50, 108ಕ್ಕೆ 200. ನಿಮಗೆ ಬೇಕಿರುವುದು 150. ಮಾರ್ಕೆಟ್ ಆರ್ಡರ್, ಅಂದರೆ ‘ಸಿಕ್ಕ ಬೆಲೆಗೆ ಕೊಡಿ’ ಎಂಬ ಆರ್ಡರ್ ಒತ್ತಿದಿರೋ, ಎಕ್ಸ್‌ಚೇಂಜಿನ ಕಂಪ್ಯೂಟರ್ ಅಗ್ಗದಿಂದ ಶುರುಮಾಡಿ ಸಾಲನ್ನು ಗುಡಿಸುತ್ತಾ ಹೋಗುತ್ತದೆ. 20, 30, 50 ಮುಗಿದು ಉಳಿದ 50 ಷೇರಿಗೆ 108 ತೆತ್ತಿರುತ್ತೀರಿ. ಸರಾಸರಿ ತೆಗೆದರೆ ಅದೇ 103.91. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ರದ್ದು ಮಾಡಲು ಪುರುಸೊತ್ತೇ ಇರುವುದಿಲ್ಲ.

ಅದರ ಬದಲು 101ಕ್ಕೆ ಲಿಮಿಟ್ ಆರ್ಡರ್ ಹಾಕಿ, ಅಂದರೆ ‘101ಕ್ಕಿಂತ ಹೆಚ್ಚು ಕೊಡಲಾರೆ’ ಎಂದು ಬರೆಯಿರಿ. 50 ಷೇರು ತಕ್ಷಣ ಸಿಗುತ್ತವೆ, ಅದೂ 101ಕ್ಕಲ್ಲ, ಮಾರುವವರು ಕೇಳಿದ್ದ 100.50 ಮತ್ತು 100.90ಕ್ಕೇ. ಉಳಿದ 100 ಷೇರಿನ ಬೇಡಿಕೆ 101ರ ಬೆಲೆಯಲ್ಲಿ ಕೊಳ್ಳುವವರ ಸಾಲಿನಲ್ಲಿ ಕಾಯುತ್ತದೆ. ‘ಲಿಮಿಟ್ ಹೆಚ್ಚು ಬರೆದರೆ ಅಷ್ಟನ್ನೂ ಕಿತ್ತುಕೊಳ್ಳುತ್ತಾರೆ’ ಎಂಬ ಭಯ ಬಿಡಿ. ನೀವು ಬರೆಯುವುದು ಮೇಲಿನ ಮಿತಿ ಮಾತ್ರ.

ಸಾಲಿನ ನಿಯಮ ಬಹುತೇಕ ಪೇಟೆಗಳಲ್ಲಿ ಒಂದೇ: ಒಳ್ಳೆಯ ಬೆಲೆಗೆ ಮೊದಲ ಮಣೆ, ಬೆಲೆ ಸಮವಾದರೆ ಮೊದಲು ಬಂದವರಿಗೆ. ಹಾಗಾಗಿ ಕಾಯುತ್ತಿರುವ ಆರ್ಡರನ್ನು ಸುಮ್ಮನೆ ಕೆದಕಬೇಡಿ. ಬೆಲೆ ಬದಲಿಸಿದರೆ ಅಥವಾ ಷೇರು ಸಂಖ್ಯೆ ಹೆಚ್ಚಿಸಿದರೆ ಸಾಮಾನ್ಯವಾಗಿ ಸರದಿಯ ಬಾಲಕ್ಕೆ ಹೋಗುತ್ತೀರಿ.

ದೊಡ್ಡ ಕಂಪನಿಯ ಷೇರಿಗೆ ಇದೆಲ್ಲ ಬೇಕೇ ಎನ್ನುವವರು 2010ರ ಮೇ 6ರಂದು ಅಮೆರಿಕದ ಪೇಟೆಯಲ್ಲಿ ಆದದ್ದನ್ನು ನೋಡಲಿ. ಕೊಳ್ಳುವವರು ಕೆಲ ನಿಮಿಷ ಹಿಂದೆ ಸರಿದು ಸಾಲು ಬರಿದಾದಾಗ, ಆಕ್ಸೆಂಚರ್ ಷೇರು ಒಂದು ಸೆಂಟಿಗೆ ಮಾರಾಟವಾಯಿತು! ತೀರಾ ಅಸಂಬದ್ಧವಾದ ವಹಿವಾಟುಗಳನ್ನು ಆಮೇಲೆ ರದ್ದು ಮಾಡಿದರು, ನಿಜ. ಆದರೆ ಅದಕ್ಕೂ ಒಂದು ಮಿತಿಯಿತ್ತು. 60 ಶೇಕಡಕ್ಕಿಂತ ಕಡಿಮೆ ಕುಸಿದ ಬೆಲೆಗೆ ಮಾರಿದವರ ನಷ್ಟ ಅವರ ಪಾಲಿಗೇ ಉಳಿಯಿತು.

‘ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ’ ಎಂದು ಮೊದಲೇ ಸ್ಟಾಪ್‌ಲಾಸ್ ಹಾಕುವವರಿಗೂ ಇದೇ ಮಾತು. ಹಾಗೆ ಬರೆದಿಟ್ಟ ಬೆಲೆ, ಅಂದರೆ ಟ್ರಿಗರ್, ಮುಟ್ಟಿದ ಕೂಡಲೇ ಅದು ಮಾರ್ಕೆಟ್ ಆರ್ಡರ್ ಆಗುವಂತಿದ್ದರೆ, ಮೇಲಿನ ಲೆಕ್ಕವೇ ತಿರುಗುಮುರುಗಾಗಿ ನಡೆದು ಸಿಕ್ಕ ಬೆಲೆಗೆ ಬಿಕರಿ. ಟ್ರಿಗರ್ ಜತೆ ಲಿಮಿಟ್ ಕೂಡ ಬರೆಯಿರಿ, ಎರಡರ ನಡುವೆ ಸ್ವಲ್ಪ ಅಂತರ ಬಿಡಿ. ಬೆಲೆ ಲಿಮಿಟ್‌ನ ಕೆಳಕ್ಕೆ ಒಮ್ಮೆಲೇ ಜಿಗಿದರೆ ಷೇರು ಮಾರಾಟವಾಗದೆ ಕೈಯಲ್ಲೇ ಉಳಿಯಬಹುದು. ಆ ಅಪಾಯ ಒಪ್ಪಿಕೊಂಡೇ ಹಾಕಬೇಕು. ಪೇಟೆ ತೆರೆದ ಮೊದಲ ಕೆಲ ನಿಮಿಷಗಳಲ್ಲಿ ಬೆಲೆ ಎರ್ರಾಬಿರ್ರಿ ಓಡುತ್ತದೆ, ಆಗ ಸುಮ್ಮನಿರುವುದೇ ನನ್ನ ಸಲಹೆ.

ಕೊನೆಯ ಹಂತದಲ್ಲಿ ನಿಮ್ಮ ಕೆಲಸವೇನಿಲ್ಲ. ಕ್ಲಿಯರಿಂಗ್ ಸಂಸ್ಥೆ ಮಧ್ಯೆ ನಿಂತು ಮಾರಿದವರಿಗೆ ಹಣ, ಕೊಂಡವರಿಗೆ ಷೇರು ತಲುಪಿಸುತ್ತದೆ. ಭಾರತದಲ್ಲೂ, 2024ರ ಮೇ ತಿಂಗಳಿಂದ ಅಮೆರಿಕದಲ್ಲೂ ಇದು ಮುಂದಿನ ಕೆಲಸದ ದಿನದಲ್ಲಿ ಮುಗಿಯುತ್ತದೆ. ಕೊಂಡ ದಿನವೇ ಖಾತೆಯಲ್ಲಿ ಷೇರು ಕಾಣದಿದ್ದರೆ ಬ್ರೋಕರ್‌ಗೆ ಫೋನ್ ಮಾಡಿ ಕೂಗಾಡಬೇಡಿ.