'ಎಂದರೆ ಸರಿ', 'ಎಂದರೆ ಸರಿಯಲ್ಲ'

ಕೆಳ ಕೋರ್ಟಿನಲ್ಲಿ ಇದ್ದಷ್ಟು ವರ್ಷ ನಾನು ಸಾಕ್ಷಿಯ ಮುಖ ನೋಡಿ ಕೆಲಸ ಮಾಡಿದೆ. ಯಾರು ತಡವರಿಸಿದರು, ಯಾರು ಅಣ್ಣನ ಕಡೆ ನೋಡಿ ಉತ್ತರ ಕೊಟ್ಟರು, ಎಲ್ಲ ಕಾಣುತ್ತಿತ್ತು. ಸೀನಿಯರ್ ಸಿವಿಲ್ ಜಡ್ಜ್ ಆಗಿ ಅಪೀಲು ಕೇಳಲು ಕೂತ ದಿನ ಆ ಅನುಕೂಲ ಹೋಯಿತು. ಟೇಬಲ್ ಮೇಲೆ ದಾರ ಕಟ್ಟಿದ ಎಲ್‌ಸಿಆರ್, ಅಂದರೆ ಕೆಳ ಕೋರ್ಟಿನ ಪೂರ್ತಿ ಕಡತ. ಅಷ್ಟೇ.

ಶುರುವಿನಲ್ಲಿ ನಾನು ಮೊದಲು ತೀರ್ಪು ಓದುತ್ತಿದ್ದೆ. ಆಮೇಲೆ ಅಪೀಲು ಮೆಮೊ, ಕೊನೆಗೆ ಸಾಕ್ಷಿ ಹೇಳಿಕೆ. ಇದು ತಪ್ಪು. ಚೆನ್ನಾಗಿ ಬರೆದ ತೀರ್ಪು ನಮ್ಮನ್ನು ಎಳೆದುಕೊಂಡು ಹೋಗಿಬಿಡುತ್ತದೆ. ಆಮೇಲೆ ಸಾಕ್ಷ್ಯ ಓದಿದರೂ ಅದಕ್ಕೆ ಹೊಂದುವ ಸಾಲುಗಳೇ ಕಣ್ಣಿಗೆ ಬೀಳುತ್ತವೆ.

ಆ ಅಭ್ಯಾಸ ಬಿಡಿಸಿದ್ದು ಉತ್ತರ ಕರ್ನಾಟಕದ ಒಂದು ವಾಟ್ನಿ ಕೇಸು, ಅಂದರೆ ಆಸ್ತಿ ಪಾಲಿನ ಕೇಸು. ಅಕ್ಕ ಪಾಲು ಕೇಳಿದ್ದರು. ಬಾಯಿಮಾತಿನಲ್ಲಿ ವಾಟ್ನಿ ಆಗಿಹೋಗಿದೆ, ಅವರ ಪಾಲನ್ನು ಮದುವೆಯಲ್ಲೇ ಬಂಗಾರವಾಗಿ ಕೊಟ್ಟಿದ್ದೇವೆ ಅಂತ ತಮ್ಮಂದಿರ ವಾದ. 'ವಾದಿಯೇ ಇದನ್ನು ಒಪ್ಪಿಕೊಂಡಿದ್ದಾರೆ' ಎಂದು ಕೆಳ ಕೋರ್ಟು ದಾವೆ ವಜಾ ಮಾಡಿತ್ತು. ಅಕ್ಕನನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸಿದ ಪಾಟಿ ಸವಾಲಿನ ಹಾಳೆ ತೆಗೆದೆ. ಅಲ್ಲಿ ಇದ್ದದ್ದು ಹೀಗೆ: 'ಮದುವೆಯಲ್ಲಿ ನನ್ನ ತಂದೆ ಬಂಗಾರ ಹಾಕಿದ್ದರು ಎಂದರೆ ಸರಿ. ಆದ್ದರಿಂದ ಜಮೀನಿನಲ್ಲಿ ನನಗೆ ಪಾಲಿಲ್ಲ ಎಂದರೆ ಸರಿಯಲ್ಲ.'

ನಮ್ಮ ಕೋರ್ಟುಗಳಲ್ಲಿ ಪಾಟಿ ಸವಾಲು ಬರೆದುಕೊಳ್ಳುವುದೇ ಹೀಗೆ. ಉದ್ದನೆಯ ಮಾತು ವಕೀಲರದ್ದು. ಸಾಕ್ಷಿಯದ್ದು ಕೊನೆಯ ಪದ ಮಾತ್ರ. ಕನ್ನಡದ ಆ ಎರಡು ಸಾಲು ಇಂಗ್ಲಿಷ್ ತೀರ್ಪಿಗೆ ಹೋಗುವಾಗ ಒಂದೇ ಸಾಲಾಗಿತ್ತು. ಉತಾರ, ಅಂದರೆ ಪಹಣಿ ನೋಡಿದರೆ, ತಂದೆ ತೀರಿಕೊಂಡ 2007ರವರೆಗೂ ಜಮೀನು ಅವರ ಹೆಸರಿನಲ್ಲೇ ಇತ್ತು. ನೋಂದಣಿಯಾದ ಪತ್ರ ಒಂದೂ ಇರಲಿಲ್ಲ. ನಾನು ಅಪೀಲು ಮಂಜೂರು ಮಾಡಿದೆ.

ಈ ಹಾಳೆಯನ್ನು ನಾನು ಓದದೇ ಬಿಟ್ಟಿದ್ದರೆ? ನಮ್ಮಿಂದ ಮುಂದೆ ಹೈಕೋರ್ಟಿಗೆ, ಆ ಕಡೆಯವರಾದರೆ ಧಾರವಾಡ ಪೀಠಕ್ಕೆ, ಎರಡನೇ ಅಪೀಲು ಹೋಗುತ್ತದೆ. ಆದರೆ ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಡಿ ಅಲ್ಲಿ ಕೇಳುವುದು ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ. ಸಾಕ್ಷಿ ಏನು ಹೇಳಿದರು ಅನ್ನೋದರ ಮೇಲೆ ಕೊನೆಯ ಮಾತು ಹೆಚ್ಚಾಗಿ ನಮ್ಮದೇ. ಆ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಲ್ಲಿಂದ ಮುಂದೆ ಮೊದಲು ಸಾಕ್ಷ್ಯ, ಆಮೇಲೆ ದಾಖಲೆ, ತೀರ್ಪು ಕೊನೆಗೆ. ಟಿಪ್ಪಣಿ ಕನ್ನಡದಲ್ಲೇ, ಪುಟದ ನಂಬರ್ ಹಾಕಿ.

ಹೆಣ್ಣುಮಕ್ಕಳ ಪಾಲಿನ ಕೇಸುಗಳು ಕೊನೆಯವರೆಗೂ ನನ್ನ ಮುಂದೆ ಜಾಸ್ತಿ ಬಂದವು. ಹೆಣ್ಣುಮಕ್ಕಳಿಗೂ ಸಮಪಾಲು ಕೊಡಲು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2015ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಫೂಲಾವತಿ ಪ್ರಕರಣದಲ್ಲಿ, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂದಿತು ಸುಪ್ರೀಂ ಕೋರ್ಟ್. ಜಿಲ್ಲಾ ನ್ಯಾಯಾಧೀಶನಾಗಿ ನಾನೂ ಅದರಂತೆ ಅಪೀಲುಗಳನ್ನು ವಜಾ ಮಾಡಿದ್ದೇನೆ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಂತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಿಲ್ಲ ಎಂದಿತು. ನಡುವಿನ ಐದು ವರ್ಷ ಸೋತವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಮೊದಮೊದಲು ಸಣ್ಣ ಕೊರತೆ ಕಂಡರೂ ಕೇಸನ್ನು ರಿಮ್ಯಾಂಡ್ ಮಾಡಿಬಿಡುತ್ತಿದ್ದೆ, ಅಂದರೆ ಮರುವಿಚಾರಣೆಗೆ ಕೆಳ ಕೋರ್ಟಿಗೆ ವಾಪಸ್ ಕಳಿಸುತ್ತಿದ್ದೆ. ಕೆಳಗೆ ಮತ್ತೆ ನಡೆಯಲಿ, ನ್ಯಾಯ ಸಿಗುತ್ತದೆ ಅಂದುಕೊಂಡಿದ್ದೆ. ಹಾಗೆ ಕಳಿಸಿದ ಒಂದು ಕೇಸು ಕೆಲವು ವರ್ಷದ ನಂತರ ಮತ್ತೆ ಅಪೀಲಾಗಿ ಬಂತು. ವಾದಿಯ ಹೆಸರಿನ ಮುಂದೆ 'ಮೃತ, ವಾರಸುದಾರರು' ಅಂತ ಇತ್ತು. ಆಮೇಲೆ ಕಡತದಲ್ಲಿ ಇರುವ ಸಾಕ್ಷ್ಯ ಸಾಕಾದರೆ ನಾನೇ ತೀರ್ಮಾನ ಮಾಡುತ್ತಿದ್ದೆ. ಸಾಲದಿದ್ದರೆ ಸಿಪಿಸಿಯ ಆರ್ಡರ್ 41, ರೂಲ್ 25ರಂತೆ ಆ ಒಂದು ಇಶ್ಯೂ (ವಿವಾದದ ಅಂಶ) ಮಾತ್ರ ಕೆಳಗೆ ಕಳಿಸಿ, ಅಪೀಲನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತಿದ್ದೆ.