ಎಸ್ಸೆಸ್ಸೆಲ್ಸಿ ಆಯ್ತು, ಸರ್ಕಾರಿ ತಾಂತ್ರಿಕ ಸೀಟು ಹಿಡಿಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮನೆಗಳಲ್ಲಿ ನಡೆಯುವ ಚರ್ಚೆ ಒಂದೇ. ಸೈನ್ಸಾ, ಕಾಮರ್ಸಾ? ಐಟಿಐ, ಡಿಪ್ಲೊಮಾ ಅಂದರೆ ಮಾರ್ಕ್ಸ್ ಕಡಿಮೆ ಬಂದವರಿಗೆ ಅನ್ನುವ ಮಾತು ಇನ್ನೂ ಹೋಗಿಲ್ಲ. ಅದನ್ನು ನಂಬಿ ಕೈಯಲ್ಲಿದ್ದ ಒಳ್ಳೆಯ ಸೀಟು ಬಿಟ್ಟ ಮಕ್ಕಳು ಎಷ್ಟೋ ಮಂದಿ.

ಸೀಟುಗಳು ಈಗ ಊರ ಹತ್ತಿರಕ್ಕೇ ಬಂದಿವೆ. ಚಳ್ಳಕೆರೆ, ಹೂವಿನಹಡಗಲಿ, ಕೆ.ಆರ್. ಪೇಟೆ, ಕುಶಾಲನಗರ, ಕೊಪ್ಪಳ ಜಿಲ್ಲೆಯ ತಳಕಲ್ ಇಲ್ಲೆಲ್ಲ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,600 ಕೋಟಿ ರೂ.ಗೂ ಜಾಸ್ತಿ ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಿ, 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅಲ್ಲಿ ಈಗ ಫಿಟ್ಟರ್, ಎಲೆಕ್ಟ್ರಿಷಿಯನ್ ಜೊತೆಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ರೋಬೋಟ್, ಎಲೆಕ್ಟ್ರಿಕ್ ವಾಹನದ ಟ್ರೇಡ್‌ಗಳೂ ಬಂದಿವೆ. ಇಷ್ಟಿದ್ದೂ ಅರ್ಹತೆ ಇರುವ ಮಗು ಒಂದು ಸರ್ಟಿಫಿಕೇಟ್ ಇಲ್ಲದೆ ಸೀಟು ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಹಾಗಾಗದಂತೆ ಏನೇನು ಮಾಡಬೇಕು, ಯಾವುದರ ನಂತರ ಯಾವುದು ಅಂತ ನೋಡೋಣ.

ಮೊದಲು ವರ್ಷ ಲೆಕ್ಕ ಹಾಕಿ

ಎಂಜಿನಿಯರ್ ಆಗಬೇಕು ಅಂದರೆ ಪಿಯುಸಿಯೇ ದಾರಿ ಅಂತ ಸುಮ್ನೆ ಅಂದುಕೊಳ್ಳಬೇಡಿ. ಪಿಯುಸಿ 2 ವರ್ಷ, ಬಿಇ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರೆ. ಅಲ್ಲಿ 3 ವರ್ಷ. ಒಟ್ಟು ಮತ್ತೆ 6. ಸಮಯ ಒಂದೇ, ಆದರೆ ಮಧ್ಯದಲ್ಲಿ ಕೈಗೊಂದು ಡಿಪ್ಲೊಮಾ ಬಂದಿರುತ್ತದೆ. ಮನೆಯಲ್ಲಿ ಕಷ್ಟ ಬಂದು ಓದು ನಿಲ್ಲಿಸಬೇಕಾಗಿ ಬಂದರೂ ಅದರ ಮೇಲೆ ಕೆಲಸ ಹುಡುಕಬಹುದು. ಬರೀ ಪಿಯುಸಿ ಸೈನ್ಸ್ ಮೇಲೆ ಅಷ್ಟು ಸುಲಭವಿಲ್ಲ.

ಐಟಿಐಯಿಂದಲೂ ದಾರಿ ಇದೆ. 2 ವರ್ಷದ ಟ್ರೇಡ್ ಪಾಸಾದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಪ್ರವೇಶ ಸಿಗುತ್ತದೆ. ಐಟಿಐ 2, ಡಿಪ್ಲೊಮಾ 2, ಬಿಇ 3, ಒಟ್ಟು 7 ವರ್ಷ. ಒಂದೇ ವರ್ಷ ಹೆಚ್ಚು. ಇಲ್ಲಿ ಒಂದು ಎಚ್ಚರ: ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್ ಕೋರ್ಸ್) ಥರದ ಟ್ರೇಡ್‌ಗಳು 1 ವರ್ಷದವು. ಬೇಗ ಕೆಲಸ ಬೇಕಿದ್ದರೆ ಅವು ಒಳ್ಳೆಯವೇ. ಮುಂದೆ ಡಿಪ್ಲೊಮಾ ಓದುವ ಆಸೆ ಇದ್ದರೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಥರದ 2 ವರ್ಷದ ಟ್ರೇಡ್‌ಗಳನ್ನೇ ಹಿಡಿಯಿರಿ. ಸೇರುವ ದಿನ ಇದನ್ನು ಕೇಳಿಕೊಳ್ಳದೆ ಆಮೇಲೆ ಪರದಾಡುವವರಿದ್ದಾರೆ.

ಇನ್ನೊಂದು ಜಾಗ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಹಲವು ಜಿಲ್ಲೆಗಳಲ್ಲಿದೆ. ಇಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ 3 ವರ್ಷದ ಓದು ಮುಗಿದ ಮೇಲೆ 1 ವರ್ಷ ಕಾರ್ಖಾನೆಯಲ್ಲೇ ತರಬೇತಿ, ಅದು ಕಡ್ಡಾಯ. ಯಂತ್ರದ ಮುಂದೆ ನಿಂತು ಕಲಿಯುವ ಇಷ್ಟ ಇರುವ ಮಗುವಿಗೆ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಕಾಗದ

ಫಲಿತಾಂಶಕ್ಕೆ ಕಾಯಬೇಡಿ, ಪರೀಕ್ಷೆ ಮುಗಿದ ದಿನದಿಂದಲೇ ಶುರು ಮಾಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲೆ ಆರ್‌ಡಿ ಸಂಖ್ಯೆ ಅಂತ ಇರುತ್ತದೆ. ಆನ್‌ಲೈನ್ ಅರ್ಜಿಯಲ್ಲಿ ಕೇಳುವುದು ಅದನ್ನೇ. ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಮೊದಲು ನೋಡಿ.

1ರಿಂದ 10ನೇ ತರಗತಿವರೆಗೆ ಪೂರ್ತಿ 10 ವರ್ಷ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ ಕೇಳಬಹುದು. ಎರಡೂ ಇದ್ದರೆ ಎರಡನ್ನೂ ಕೇಳಿ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಮಗು ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು. ಈ ಓಡಾಟಕ್ಕೇ ಜಾಸ್ತಿ ದಿನ ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ ಅನ್ನುವುದನ್ನೂ ಮರೆಯಬೇಡಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮಾಡಿಸಲೇಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಅವರಿಗಿದೆ. ಇಷ್ಟು ದೊಡ್ಡ ಅನುಕೂಲ ಒಂದು ಹಾಳೆಯ ಮೇಲೆ ನಿಂತಿದೆ.

ಕೊನೆಯದಾಗಿ ಹೆಸರು. ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ’ ಅಂತ ಇದ್ದು, ಆಧಾರ್‌ನಲ್ಲಿ ‘ಮಂಜುನಾಥ್ ಬಸಪ್ಪ’ ಅಂತ ಇದ್ದರೆ ಮುಂದೆ ಸ್ಕಾಲರ್‌ಶಿಪ್ ಹೊತ್ತಿಗೆ ತೊಂದರೆ ಆಗುತ್ತದೆ. ಆಧಾರ್ ಅನ್ನು ಅಂಕಪಟ್ಟಿಗೆ ಸರಿಯಾಗಿ ತಿದ್ದಿಸಿ.

ಅರ್ಜಿ ಎಲ್ಲಿಗೆ?

ಎಲ್ಲದಕ್ಕೂ ಒಂದೇ ಅರ್ಜಿ ಇಲ್ಲ. ಐಟಿಐ ಪ್ರವೇಶ ನೋಡಿಕೊಳ್ಳುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಡಿಪ್ಲೊಮಾ ಕಲಿಸುವ ಪಾಲಿಟೆಕ್ನಿಕ್ ಬರುವುದು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಕೆಳಗೆ. ಜಿಟಿಟಿಸಿಗೆ ಅದರದೇ ಅರ್ಜಿ. ಎಂಜಿನಿಯರಿಂಗ್ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಜನರ ಬಾಯಲ್ಲಿ ಕೆಇಎ. ಕೊನೆ ದಿನಾಂಕಗಳೂ ಬೇರೆ ಬೇರೆ. ಒಂದರ ಫಲಿತಾಂಶಕ್ಕೆ ಕಾಯುತ್ತಾ ಇನ್ನೊಂದರ ಗಡುವು ದಾಟಿಸಬೇಡಿ, ಎಲ್ಲ ಕಡೆ ಅರ್ಜಿ ಹಾಕಿಡಿ. ಸೈಬರ್ ಸೆಂಟರ್‌ನಲ್ಲಿ ಹಾಕಿಸುವುದಾದರೆ ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಒಟಿಪಿ, ಸೀಟು ಬಂದ ಸುದ್ದಿ ಎಲ್ಲ ಬರುವುದು ಆ ನಂಬರಿಗೇ.

ಡಿಪ್ಲೊಮಾ ಮುಗಿದ ಮೇಲೆ: ಡಿಸಿಇಟಿ ಮತ್ತು ಆಪ್ಷನ್ ಎಂಟ್ರಿ

ಡಿಪ್ಲೊಮಾದವರಿಗೆ ಕೆಇಎ ಪ್ರತ್ಯೇಕವಾಗಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ನಡೆಸುತ್ತದೆ. ಡಿಪ್ಲೊಮಾದಲ್ಲಿ ಶೇ 45, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 40 ಅಂಕ ಇದ್ದರೆ ಬರೆಯಬಹುದು. ರ‍್ಯಾಂಕ್ ಬಂದಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವುದು. ಜನ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಚಳ್ಳಕೆರೆಯ ಹುಡುಗಿಯೊಬ್ಬಳು ಅಂತಿಟ್ಟುಕೊಳ್ಳಿ. ಅವಳಿಗೆ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನ ಮೇಲೆ ಆಸೆ. ಅದಾಗದಿದ್ದರೆ ದಾವಣಗೆರೆಯ ಯುಬಿಡಿಟಿ, ಅದೂ ಆಗದಿದ್ದರೆ ಊರಿನ ಸರ್ಕಾರಿ ಕಾಲೇಜು. ರ‍್ಯಾಂಕ್ ನೋಡಿದರೆ ಯುವಿಸಿಇ ಕಷ್ಟ. ‘ಸಿಗದೇ ಇರುವುದನ್ನು ಯಾಕೆ ಹಾಕ್ತೀಯಾ, ಊರಿಂದೇ ಮೊದಲು ಹಾಕು’ ಅಂತ ಯಾರೋ ಹೇಳುತ್ತಾರೆ. ಕೇಳಬಾರದು. ಕಂಪ್ಯೂಟರ್ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ಹೋಗುತ್ತದೆ. ರ‍್ಯಾಂಕಿಗೆ ಮೊದಲು ಸಿಗುವ ಸೀಟನ್ನು ಕೊಟ್ಟು ನಿಲ್ಲುತ್ತದೆ. ಯುವಿಸಿಇ ಮೇಲಿದೆ ಅನ್ನುವ ಕಾರಣಕ್ಕೆ ಊರ ಕಾಲೇಜಿನ ಅವಕಾಶ ಒಂದು ಚೂರೂ ಕಡಿಮೆ ಆಗುವುದಿಲ್ಲ. ಊರ ಕಾಲೇಜನ್ನೇ ಮೊದಲು ಹಾಕಿ ಅದು ಸಿಕ್ಕಿಬಿಟ್ಟರೆ ಮಾತ್ರ ಯುಬಿಡಿಟಿ ಸಿಗುವ ಹಾಗಿದ್ದರೂ ಕೈ ತಪ್ಪುತ್ತದೆ. ಆಸೆಯ ಕ್ರಮದಲ್ಲೇ ಬರೆಯಿರಿ, ಹೋಗಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬೇಡಿ.

ಮೊದಲು ಬರೀ ಅಂದಾಜಿಗೆ ಮಾಡುವ ಅಣಕು ಹಂಚಿಕೆಯಲ್ಲಿ ಬಂದದ್ದು ನಿಜವಾದ ಸೀಟಲ್ಲ. ಅದನ್ನು ನೋಡಿ ಪಟ್ಟಿಯನ್ನು ಹಿಂದೆ ಮುಂದೆ ಮಾಡಲು, ಸೇರಿಸಲು, ತೆಗೆಯಲು ಅವಕಾಶ ಕೊಡುತ್ತಾರೆ. ನಿಜವಾದ ಸುತ್ತಿನಲ್ಲಿ ಸೀಟು ಬಂದಾಗ ನಾಲ್ಕು ಚಾಯ್ಸ್ ಮುಂದೆ ಬರುತ್ತವೆ. ಚಾಯ್ಸ್ 1 ಅಂದರೆ ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಹೋಗುತ್ತೇನೆ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿದ ಕ್ಷಣ ಹಳೆಯದು ತಾನಾಗಿ ರದ್ದು. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಆಗ ಬಂದ ಸೀಟಿನ ಮೇಲೆ ಹಕ್ಕು ಹೋಗುತ್ತದೆ. ಚಾಯ್ಸ್ 4 ಅಂದರೆ ಪೂರ್ತಿ ಹೊರಗೆ. ಬಹಳ ಮಕ್ಕಳಿಗೆ ಹೊಂದುವುದು 2. ಕೈಯಲ್ಲಿದ್ದ ಸೀಟು ಬಿಟ್ಟು 3 ಒತ್ತುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ.

ಬಿಇ ಸೇರಿದ ಮೇಲೆ ಡಿಪ್ಲೊಮಾದ ಮಕ್ಕಳಿಗೆ ಕಷ್ಟವಾಗುವುದು ಗಣಿತ. ಪಿಯುಸಿಯವರು ಎರಡು ವರ್ಷ ಅರೆದು ಕುಡಿದ ಕ್ಯಾಲ್ಕುಲಸ್ ಇವರಿಗೆ ಅಷ್ಟಾಗಿ ಸಿಕ್ಕಿರುವುದಿಲ್ಲ. ಡಿಸಿಇಟಿ ಮುಗಿದು ಕಾಲೇಜು ಶುರುವಾಗುವವರೆಗಿನ ಬಿಡುವಿನಲ್ಲಿ ಪಿಯುಸಿ ಗಣಿತ ಪುಸ್ತಕ ತಂದು ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಬಿಡಿಸಿ. ಪ್ರಯೋಗಾಲಯಕ್ಕೆ ಹೋದರೆ ಇವರೇ ಮುಂದೆ, ಅದೇನೂ ಚಿಂತೆ ಇಲ್ಲ.

ದುಡ್ಡಿನ ವಿಷಯ

ಪೋಷಕರ ವಾರ್ಷಿಕ ಆದಾಯ 8 ಲಕ್ಷ ರೂ. ಒಳಗಿದ್ದರೆ ಎಸ್‌ಎನ್‌ಕ್ಯೂ ಅನ್ನುವ ಹೆಚ್ಚುವರಿ ಸೀಟುಗಳ ಕೋಟಾದಲ್ಲಿ ಬೋಧನಾ ಶುಲ್ಕವೇ ಇಲ್ಲದ ಸೀಟುಗಳಿವೆ, ಶೇ 5ರಷ್ಟು. ಅರ್ಜಿಯಲ್ಲಿ ಅದನ್ನು ಕೇಳಿದ್ದೀರಾ ಅಂತ ನೋಡಿಕೊಳ್ಳಿ. ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ: ವರ್ಷಕ್ಕೆ 50,000 ರೂ., ಒಂದು ಮನೆಯಿಂದ ಇಬ್ಬರವರೆಗೆ, ಆದಾಯದ ಮಿತಿ ಇಲ್ಲೂ 8 ಲಕ್ಷ. ಡಿಪ್ಲೊಮಾ ಅಥವಾ ಬಿಇ ಮೊದಲ ವರ್ಷಕ್ಕೆ ಸೇರಿದವರು, ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದವರು ಹಾಕಬಹುದು. ಅಂಗವಿಕಲ ಮಕ್ಕಳಿಗೆ ಇದೇ ಥರ ಸಕ್ಷಮ್ ಇದೆ. ಎರಡಕ್ಕೂ ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ರಾಜ್ಯದ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್.

ಮಂಜೂರಾದರೂ ದುಡ್ಡು ಬರಲಿಲ್ಲ ಅನ್ನುವ ದೂರು ತುಂಬಾ ಕೇಳಿಬರುತ್ತದೆ ಅಲ್ವಾ? ಮೊದಲು ಬ್ಯಾಂಕಿಗೆ ಹೋಗಿ ವಿಚಾರಿಸಿ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಸರ್ಕಾರದ ಹಣ ಬರಲು ಆ ಖಾತೆಯನ್ನೇ ಆಧಾರ್ ಜೊತೆ ಜೋಡಿಸಿರಬೇಕು. ಎರಡು ಮೂರು ಖಾತೆ ಇದ್ದರೆ ಹಣ ಹೋಗುವುದು ಮ್ಯಾಪಿಂಗ್ ಇರುವ ಖಾತೆಗೆ. ಮರೆತುಹೋದ ಯಾವುದೋ ಹಳೆಯ ಪಾಸ್‌ಬುಕ್‌ನಲ್ಲಿ ಸ್ಕಾಲರ್‌ಶಿಪ್ ಬಂದು ಕೂತಿರಬಹುದು, ಅದನ್ನೂ ಎಂಟ್ರಿ ಹಾಕಿಸಿ ನೋಡಿ.

ಐಟಿಐ ಮುಗಿಸಿ ಸದ್ಯಕ್ಕೆ ದುಡಿಯಬೇಕಾದ ಮಕ್ಕಳು ಅಪ್ರೆಂಟಿಸ್‌ಶಿಪ್ ಬಿಡಬಾರದು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ತರಬೇತಿ ಕಾಲದಲ್ಲಿ ಸ್ಟೈಪೆಂಡ್ ಕೊಡಲೇಬೇಕು. ಎಚ್‌ಎಎಲ್, ಬಿಇಎಲ್‌ನಂಥ ಕಡೆ ಐಟಿಐ ಆದವರನ್ನು ತೆಗೆದುಕೊಳ್ಳುತ್ತಾರೆ. ಡಿಪ್ಲೊಮಾ ಸೇರುವ ಯೋಚನೆ ಇರುವವರು ಅಂಕಪಟ್ಟಿ, ಟಿಸಿಯ ಮೂಲ ಪ್ರತಿಗಳನ್ನು ಯಾರಿಗೂ ಕೊಟ್ಟು ಕೂರಬೇಡಿ. ನೋಡಿ ವಾಪಸ್ ಕೊಡುವವರಿಗೆ ಮಾತ್ರ ತೋರಿಸಿ, ಉಳಿದ ಕಡೆ ಜೆರಾಕ್ಸ್ ಸಾಕು.