ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವುದು ಹೇಗೆ?

2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಒಂದೇ ವಾರದಲ್ಲಿ ದರ ಏರಿಸಿದವು. ಜನ ಬೈದರು, ಆಮೇಲೆ ಸುಮ್ನೆ ರೀಚಾರ್ಜ್ ಮಾಡಿಸಿದರು. ಇದೇ ಧೈರ್ಯ ಕಂಪನಿಗಳಿಗೆ, ಅಲ್ವಾ? ಪೋರ್ಟ್ ಮಾಡೋದು, ಅಂದ್ರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸೋದು, ಅಷ್ಟೇನೂ ಕಷ್ಟವಿಲ್ಲ.

ಮೊದಲು ಸಿಗ್ನಲ್ ನೋಡಿ. ನೀವು ಸೇರಬೇಕೆಂದಿರುವ ಕಂಪನಿಯ ಸಿಮ್ ಇರುವ ಗೆಳೆಯರನ್ನು ಮನೆಗೆ ಕರೆದು ಅಡುಗೆಮನೆ, ಮಲಗುವ ಕೋಣೆ, ನೆಲಮಾಳಿಗೆಯ ಪಾರ್ಕಿಂಗ್ ಎಲ್ಲಾ ಕಡೆ ಫೋನ್ ಮಾಡಿಸಿ ನೋಡಿ, ಯಾಕಂದ್ರೆ ಅಂಗಡಿಯವರ ಮಾತನ್ನೂ ಜಾಹೀರಾತನ್ನೂ ನಂಬಿದರೆ ಕೊನೆಗೆ ಬಾಲ್ಕನಿಯಲ್ಲಿ ನಿಂತು ಮಾತಾಡೋದೇ ಗತಿ. ಬಿಎಸ್‌ಎನ್‌ಎಲ್ ಅಗ್ಗ ಅಂತ ಓಡುವವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಆಮೇಲೆ ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಹೊಸ ಕಂಪನಿಗೆ ಕೊಡಬೇಕಾದ 8 ಅಕ್ಷರಗಳ ಯುಪಿಸಿ ಕೋಡ್ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ 4 ದಿನ ಆಯುಷ್ಯ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ.

ಕೋಡ್ ಬರಲಿಲ್ವಾ? ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಾಕಿ ಇರಬಾರದು. ಸಿಮ್ ಕಳೆದು ಹೊಸದು ತೆಗೆದುಕೊಂಡಿದ್ದರೆ 7 ದಿನ ಕಾಯಬೇಕು, ಇದು ವಂಚಕರನ್ನು ತಡೆಯೋಕೆ ಮಾಡಿದ ನಿಯಮ, ಒಳ್ಳೆಯದೇ.

ಪ್ರೀಪೇಯ್ಡ್ ಬ್ಯಾಲೆನ್ಸ್ ಮಾತ್ರ ಹೊಸ ಕಂಪನಿಗೆ ಬರೋದಿಲ್ಲ. ಹಾಗಾಗಿ ವರ್ಷದ ಪ್ಲಾನ್ ಹಾಕಿಸಿದ ಮರುವಾರವೇ ಪೋರ್ಟ್ ಮಾಡಬೇಡಿ.